16 ಪ್ರೋಸೆಸ್ ಕೊಟ್ಟರೂ ಎಲ್ಲವೂ "ರ‍್ಯಾಂಕ್ 0" ಅಂತಲೇ ಹೇಳುತ್ತವೆ, ಎಂತ ಕಥೆ ಇದು?

ಕೊಟ್ಟಾರದ ಹುಡುಗಿ:
ಉಳ್ಳಾಲದ ಕಡಲ್ಕೊರೆತದ ಮೇಲೆ ನನ್ನ ಎಂ.ಟೆಕ್ ಪ್ರಾಜೆಕ್ಟ್. ಅಲೆಗಳ ಲೆಕ್ಕ ಹಾಕುವ ಸಿ ಪ್ರೋಗ್ರಾಂ ಒಂದುಂಟು, ಎಂಪಿಐ (ಒಂದು ಲೆಕ್ಕವನ್ನು ಹಲವು ಪ್ರೋಸೆಸ್‌ಗಳಿಗೆ, ಅಂದರೆ ಓಡುವ ಪ್ರತಿಗಳಿಗೆ, ಹಂಚುವ ಲೈಬ್ರರಿ) ಬಳಸಿ ಬರೆದದ್ದು. ಪ್ರತಿ ಪ್ರೋಸೆಸ್‌ಗೂ ರ‍್ಯಾಂಕ್ ಎನ್ನುವ ಬೇರೆ ನಂಬರ್ ಸಿಗಬೇಕು. ಕಾಲೇಜಿನ ಕ್ಲಸ್ಟರ್‌ನಲ್ಲಿ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳು) ಜಾಬ್‌ಗಳಿಗೆ ಸರದಿ ಕೊಡುವ ಸ್ಲರ್ಮ್ ಇದೆ. ಎಂಪಿಐಸಿಸಿ ಕೊಟ್ಟು ಕಂಪೈಲ್ ಮಾಡಿದರೆ ಒಂದು ವಾರ್ನಿಂಗೂ ಇಲ್ಲ. ಎಂಪಿಐರನ್‌ನಲ್ಲಿ 16 ಪ್ರೋಸೆಸ್ ಕೇಳಿದರೆ ಮಾತ್ರ "ರ‍್ಯಾಂಕ್ 0, ಒಟ್ಟು 1" ಎನ್ನುವ ಅದೇ ಸಾಲು 16 ಸಲ ಬರುತ್ತದೆ. ಟೈಮೂ ಕಡಿಮೆ ಆಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಇದೇ ಕೋಡ್ ಚೆನ್ನಾಗಿ ಓಡುತ್ತದೆ. ಎಲ್ಲಿ ನೋಡಬೇಕು?

ಉಡುಪಿಯ ಹಳೇ ಅಡ್ಮಿನ್:
ಕೋಡ್ ಮುಟ್ಟಬೇಡಿ ಮಾರಾಯ್ರೆ. ಎಂಪಿಐಯಲ್ಲಿ ಬೇರೆ ಬೇರೆ ತಯಾರಿಗಳುಂಟು; ನೀವು ಕಂಪೈಲ್ ಮಾಡಿದ ಎಂಪಿಐ ಒಂದು, ಓಡಿಸುವ ಎಂಪಿಐ ಇನ್ನೊಂದು, ಅಷ್ಟೇ. ಎಂಪಿಐರನ್ 16 ಪ್ರತಿ ಶುರು ಮಾಡುತ್ತದೆ, ಆದರೆ ಅದು ಕೊಡುವ ಸುದ್ದಿ ನಿಮ್ಮ ಪ್ರೋಗ್ರಾಂಗೆ ಅರ್ಥ ಆಗುವುದಿಲ್ಲ. ಪ್ರತಿಯೊಂದೂ ತಾನೊಬ್ಬನೇ ಅಂದುಕೊಂಡು ಪೂರ್ತಿ ಲೆಕ್ಕ ಮಾಡುತ್ತದೆ. ಒಂದು ರಾಶಿ ಅಡಿಕೆಯನ್ನು 16 ಜನ ಹಂಚಿಕೊಂಡು ಸುಲಿಯುವ ಬದಲು ಒಬ್ಬೊಬ್ಬರ ಮುಂದೆಯೂ ಅಷ್ಟೇ ದೊಡ್ಡ ರಾಶಿ ಸುರಿದ ಹಾಗೆ. ಔಟ್‌ಪುಟ್ ಫೈಲೂ ಒಂದೇ ಆದರೆ ಒಂದರ ಮೇಲೊಂದು ಬರೆದು ಹಾಳು ಮಾಡುತ್ತವೆ, ಅದನ್ನು ನಂಬಬೇಡಿ.

"ವಿಚ್ ಎಂಪಿಐಸಿಸಿ", "ವಿಚ್ ಎಂಪಿಐರನ್" ಎರಡನ್ನೂ ಕೊಟ್ಟು, ಯಾವ ಫೋಲ್ಡರಿನದ್ದು ಬರುತ್ತಿದೆ ನೋಡಿ. ಆಮೇಲೆ ಪ್ರೋಗ್ರಾಂ ಮೇಲೆ ಎಲ್‌ಡಿಡಿ ಓಡಿಸಿ, ಪ್ರೋಗ್ರಾಂ ಯಾವ ಲೈಬ್ರರಿ ಬಳಸುತ್ತದೆ ಅಂತ ತೋರಿಸುತ್ತದೆ. ಲಿಬ್‌ಎಂಪಿಐ ಹೆಸರಿನ ಕೊನೆಗೆ 40 ಇದ್ದರೆ ಓಪನ್ ಎಂಪಿಐ. 12 ಇದ್ದರೆ ಎಂಪಿಚ್ ಅಥವಾ ಇಂಟೆಲ್‌ನದ್ದು.

ಕುಂದಾಪ್ರ ಕೋಡರ್:
ಬರೀ 16 ಕೋರ್‌ಗೆ ಎಂಪಿಐ ಯಾಕೆ? ಒಂದೇ ನೋಡ್‌ನಲ್ಲಿ (ಕ್ಲಸ್ಟರಿನ ಒಂದು ಕಂಪ್ಯೂಟರ್) ಮೆಮೊರಿ ಹಂಚಿಕೊಂಡು ಓಡುವ ಓಪನ್‌ಎಂಪಿ ಸಾಕಲ್ವಾ? ಲೂಪ್ ಮೇಲೆ ಒಂದು ಪ್ರಾಗ್ಮಾ (ಕಂಪೈಲರ್‌ಗೆ ಸೂಚನೆಯ ಸಾಲು) ಹಾಕಿದರೆ ಮುಗಿಯಿತು.

ಕೊಟ್ಟಾರದ ಹುಡುಗಿ:
ಮುಂದೆ ಗ್ರಿಡ್ ದೊಡ್ಡದು ಮಾಡಲಿಕ್ಕುಂಟು, ಒಂದು ನೋಡ್‌ನ ಮೆಮೊರಿ ಸಾಲುವುದಿಲ್ಲ. ಅದಕ್ಕೇ ಎಂಪಿಐ.

ಅಡ್ಮಿನ್ ಸರ್, ಎಂಪಿಐಸಿಸಿ ಕ್ಲಸ್ಟರಿನ ಮಾಡ್ಯೂಲ್‌ನಿಂದ ಬರುತ್ತಿದೆ, ಎಂಪಿಐರನ್ ನನ್ನ ಪೈಥಾನ್‌ನ ಅನಕೊಂಡಾ ಫೋಲ್ಡರಿನಿಂದ! ಎಲ್‌ಡಿಡಿಯಲ್ಲಿ 40. ಆದರೆ ಜಾಬ್ ಸ್ಕ್ರಿಪ್ಟ್‌ನಲ್ಲಿ ಅನಕೊಂಡಾದ ಹೆಸರೇ ಇಲ್ಲವಲ್ಲ?

ಉಡುಪಿಯ ಹಳೇ ಅಡ್ಮಿನ್:
ಸ್ಕ್ರಿಪ್ಟ್‌ನಲ್ಲಿ ಇರಬೇಕು ಅಂತ ಇಲ್ಲ. ಎಸ್‌ಬ್ಯಾಚ್ ಕೊಟ್ಟು ಜಾಬ್ ಹಾಕುವಾಗ ನಿಮ್ಮ ಶೆಲ್‌ನಲ್ಲಿ ಏನೇನು ಸೆಟ್ ಆಗಿದೆಯೋ ಅದೆಲ್ಲ ಜಾಬ್‌ಗೂ ಹೋಗುತ್ತದೆ, ಸ್ಲರ್ಮ್‌ನ ಡಿಫಾಲ್ಟೇ ಹಾಗೆ. ಪೈಥಾನ್‌ಗೆ ಅಂತ ಎಂಪಿಐ4ಪೈ ಹಾಕಿದಾಗ ಕೊಂಡಾ (ಅನಕೊಂಡಾದಲ್ಲಿ ಪ್ಯಾಕೇಜ್ ಹಾಕುವ ಸಾಧನ) ತನ್ನದೇ ಎಂಪಿಐ ತಂದು ಇಟ್ಟಿರುತ್ತದೆ. ಕೊಂಡಾ ಡಿಆಕ್ಟಿವೇಟ್ ಮಾಡಿ. ಸ್ಕ್ರಿಪ್ಟ್‌ನ ಶುರುವಿನಲ್ಲೇ ಮಾಡ್ಯೂಲ್ ಪರ್ಜ್ ಕೊಟ್ಟು ಹಳೇ ಮಾಡ್ಯೂಲ್‌ಗಳನ್ನೆಲ್ಲ ತೆಗೆಯಿರಿ, ಆಮೇಲೆ ಕಂಪೈಲ್‌ಗೆ ಬಳಸಿದ ಅದೇ ಮಾಡ್ಯೂಲ್ ಲೋಡ್ ಮಾಡಿ. ಇನ್ನೊಂದು, ಎಲ್ಲರೂ ಒಳಗೆ ಬರುವ ಲಾಗಿನ್ ನೋಡ್‌ನಲ್ಲಿ ಕಂಪೈಲ್ ಮಾಡಿ, ಪರವಾಗಿಲ್ಲ. 16 ಪ್ರೋಸೆಸ್ ಮಾತ್ರ ಅಲ್ಲಿ ಸುಮ್ನೆ ಓಡಿಸಬೇಡಿ. ಉಳಿದವರಿಗೆ ಫೈಲ್ ಪಟ್ಟಿ ನೋಡಲು ಎಲ್‌ಎಸ್ ಕೊಟ್ಟರೂ ಕಾಯಬೇಕಾಗುತ್ತದೆ, ಬೈಗುಳ ನಿಮಗೇ.

ಕೊಟ್ಟಾರದ ಹುಡುಗಿ:
ಬಂತು! 0ಯಿಂದ 15ರವರೆಗೆ ಎಲ್ಲ ರ‍್ಯಾಂಕ್ ಬೇರೆ ಬೇರೆ. ಈಗ ಜಾಬ್ ಪೆಂಡಿಂಗ್‌ನಲ್ಲೇ ಕೂತಿದೆ. 24 ಗಂಟೆ ಕೇಳಿದ್ದೇನೆ.

ಕುಂದಾಪ್ರ ಕೋಡರ್:
ಕೆಲಸ ಎರಡು ಗಂಟೆಯದ್ದಾದರೆ 24 ಯಾಕೆ? ಮೂರು ಕೇಳಿ. ಬ್ಯಾಕ್‌ಫಿಲ್ ಇದ್ದರೆ ದೊಡ್ಡ ಜಾಬ್‌ಗಳ ನಡುವೆ ಸಂದು ಸಿಕ್ಕಿದಲ್ಲಿ ಸ್ಲರ್ಮ್ ನಿಮ್ಮದನ್ನು ನುಗ್ಗಿಸುತ್ತದೆ. ಜಾಬ್ ಹಾಕಿ ಲ್ಯಾಪ್‌ಟಾಪ್ ಮುಚ್ಚಿ ಮಲಗಿ. ಮಳೆಗೆ ಮನೆಯ ಕರೆಂಟ್ ಹೋದರೂ ಅದು ಅಲ್ಲಿ ಓಡುತ್ತಲೇ ಇರುತ್ತದೆ.