ಟೊಯೋಟಾ, ಹೋಂಡಾ, ಮಾಜ್ದಾ: ಯಾವುದು ತೆಗೆದುಕೊಳ್ಳಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾಲ್ಕು ಜನ ಇದ್ದೇವೆ. ಹತ್ತು ವರ್ಷವಾದರೂ ಇಟ್ಟುಕೊಳ್ಳುವಂಥ ಕಾರು ಬೇಕು. ಜಪಾನಿನ ಕಂಪನಿಯದೇ ಅಂತ ತೀರ್ಮಾನ ಆಗಿದೆ. ಯಾವುದು ಅನ್ನೋದೇ ತಲೆನೋವು.

ಹಳೆಯ ಕಾರಿನ ಸಿವಿಟಿ (ಗೇರ್ ಹಂತಗಳ ಬದಲು ಬೆಲ್ಟ್ ಮೇಲೆ ನಡೆಯುವ) ಗೇರ್‌ಬಾಕ್ಸ್ ನಡುದಾರಿಯಲ್ಲಿ ಕೈಕೊಟ್ಟಿತ್ತು. ಯಾವ ಕಂಪನಿ ಅಂತ ಹೇಳುವುದಿಲ್ಲ, ಬಿಡಿ. ಅಂದಿನಿಂದ ನನ್ನ ಕಣ್ಣು ಮೊದಲು ಗೇರ್‌ಬಾಕ್ಸ್ ಮೇಲೇ ಹೋಗುತ್ತದೆ. ಟೊಯೋಟಾದ, ಎಂಜಿನ್ ಜೊತೆ ವಿದ್ಯುತ್ ಮೋಟಾರ್ ಕೂಡ ಇರುವ ಹೈಬ್ರಿಡ್‌ನಲ್ಲಿ ಇ-ಸಿವಿಟಿ ಅಂತ ಹೆಸರಿದ್ದರೂ, ಮಾಮೂಲಿ ಸಿವಿಟಿಯಲ್ಲಿ ಜಾರುವ ಆ ಬೆಲ್ಟ್ ಇಲ್ಲ. ಗೇರ್ ಚಕ್ರಗಳು ಮತ್ತು ಎರಡು ಮೋಟಾರ್ ಸೇರಿ ಕೆಲಸ ಮಾಡುತ್ತವೆ. 1997ರಲ್ಲಿ ಬಂದ ಅವರ ಮೊದಲ ಹೈಬ್ರಿಡ್ ಕಾರು ಪ್ರಿಯಸ್‌ನಿಂದಲೂ ಮೂಲ ಉಪಾಯ ಇದೇ. ಹೋಂಡಾದ ಎರಡು ಮೋಟಾರಿನ ಹೈಬ್ರಿಡ್‌ನಲ್ಲಿ ಊರೊಳಗೆ ಹೆಚ್ಚಾಗಿ ಮೋಟಾರೇ ಚಕ್ರ ತಿರುಗಿಸುತ್ತದೆ. ಹೆದ್ದಾರಿ ವೇಗ ಬಂದಾಗ ಕ್ಲಚ್ ಕೂಡಿಕೊಂಡು ಎಂಜಿನ್ ನೇರವಾಗಿ ಎಳೆಯುತ್ತದೆ. ಮಾಜ್ದಾ ಹಲವು ಮಾದರಿಗಳಲ್ಲಿ 6 ಗೇರಿನ ಮಾಮೂಲಿ ಆಟೊಮ್ಯಾಟಿಕ್ಕನ್ನೇ ಉಳಿಸಿಕೊಂಡಿದೆ. ಓಡಿಸಿ ನೋಡಿದೆ, ಮನಸ್ಸು ಅಲ್ಲೇ ನಿಂತಿದೆ.

ಸುಬಾರು ಬೇಡ ಅನ್ನಿಸಿತು. ಸಿಲಿಂಡರ್‌ಗಳು ಎದುರುಬದುರು ಮಲಗಿರುವ ಬಾಕ್ಸರ್ ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ ಎಲ್ಲ ಚೆಂದವೇ. ಆದರೆ ಕೆಸರು, ಹಿಮದಲ್ಲಿ ಓಡಾಡದ ನನಗೆ ಸುಮ್ನೆ ಭಾರ ಅಲ್ವಾ?

ಈಗ ಪ್ರಶ್ನೆ. ಹೈಬ್ರಿಡ್ ಕಾರನ್ನು ಎಂಟು-ಹತ್ತು ವರ್ಷ ಓಡಿಸಿದವರು ಯಾರಾದರೂ ಇದ್ದೀರಾ? ಬ್ಯಾಟರಿ ಬದಲಾಯಿಸಬೇಕಾಯಿತಾ? ನನ್ನ ಓಡಾಟದಲ್ಲಿ ಹೆದ್ದಾರಿಯೇ ಜಾಸ್ತಿ, ಅಲ್ಲಿ ಹೈಬ್ರಿಡ್‌ನಿಂದ ನಿಜಕ್ಕೂ ಉಳಿತಾಯ ಆಗುತ್ತದಾ? ಮಾದರಿ, ವರ್ಷ, ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದನ್ನೂ ಬರೆಯಿರಿ. "ಕಣ್ಣು ಮುಚ್ಚಿಕೊಂಡು ಟೊಯೋಟಾ ತಗೊಳ್ಳಿ" ಅನ್ನುವವರು ದಯವಿಟ್ಟು ಕಾರಣವನ್ನೂ ಸೇರಿಸಿ.