ಇನುಕ್ಟಿಟುಟ್ ಅಕ್ಷರಗಳು ಡಬ್ಬಿಯಾಗಿ ಕಾಣುತ್ತಿವೆ, ಏನು ಮಾಡಲಿ?

ಕಲಬುರಗಿ ಡಿಟಿಪಿ:
ಜಗತ್ ವೃತ್ತದ ಬಳಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಫೆಬ್ರುವರಿ 21ರ ಮಾತೃಭಾಷಾ ದಿನಕ್ಕೆಂದು ಕಾಲೇಜೊಂದು ಲೋಕದ ಲಿಪಿಗಳ ಫಲಕಗಳನ್ನು ಮಾಡಿಸುತ್ತಿದೆ. ಕೆನಡಾದ ಇನುಯಿಟ್ ಜನರ ಇನುಕ್ಟಿಟುಟ್ ಫಲಕಕ್ಕೆ ಬಂದು ಕೆಲಸ ನಿಂತಿದೆ. ವಿದ್ಯಾರ್ಥಿಗಳು ತಂದ ಹಳೆಯ ಕಡತ ತೆರೆದರೆ ಇಂಗ್ಲಿಷ್ ಅಕ್ಷರ, ಅಂಕಿಗಳ ಕಲಸುಮೇಲೋಗರ. ಅಂತರಜಾಲದಿಂದ ನಕಲಿಸಿದ ಪಠ್ಯ ಮೊಬೈಲಿನಲ್ಲಿ ಚೆನ್ನಾಗಿ ಕಾಣುತ್ತದೆ, ನನ್ನ ಗಣಕದಲ್ಲಿ ಖಾಲಿ ಡಬ್ಬಿಗಳು. ಬೇರೆ ಫಾಂಟ್ ಹಾಕಿದ ಮೇಲೂ ಕೆಲವು ಡಬ್ಬಿಗಳು ಉಳಿದಿವೆ. ಕೋರೆಲ್‌ಡ್ರಾದಲ್ಲಿ ಆಕಾರ ಬರೆದು, ತಿರುಗಿಸಿ ಕೂರಿಸಲೇ? ಇನ್ನೊಂದು ಸಂದೇಹ: ನಮ್ಮಲ್ಲಿ ಪಕಾರಕ್ಕೆ ಗುಡಿಸು ಕೊಟ್ಟರೆ ಪಿ ಆಗುತ್ತದೆ. ಅವರ ಪಿ, ಪು, ಪ ಮೂರಕ್ಕೂ ಬೇರೆ ಬೇರೆ ಸಂಕೇತ ಏಕೆ?

ಬೀದರ್ ಲಿಪಿಪ್ರಿಯ:
ಮೇಡಂ, ದಯವಿಟ್ಟು ಚಿತ್ರ ಬರೆದು ಕೂರಿಸಬೇಡಿ. ಅದನ್ನು ಯಾರೂ ಹುಡುಕಲಾರರು, ನಕಲಿಸಲಾರರು, ಗಣಕ ಓದಿ ಹೇಳಲಾರದು. ಒಂದು ಜನಾಂಗದ ಬರಹವನ್ನು ಅಲಂಕಾರದ ಗೆರೆಗಳಾಗಿ ತೋರಿಸುವುದು ನನಗೆ ಸರಿ ಕಾಣುವುದಿಲ್ಲ.

ಹಳೆಯ ಕಡತದ ಕಥೆ ನಮ್ಮ ಹಳೆಯ ನುಡಿ ತಂತ್ರಾಂಶದ ಕಡತಗಳದ್ದೇ. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ಅಲ್ಲಿಯವರು ನುನಾಕಾಮ್, ಪ್ರೊಸಿಲ್‌ನಂತಹ ಫಾಂಟುಗಳಲ್ಲಿ ಬೆರಳಚ್ಚು ಮಾಡುತ್ತಿದ್ದರು. ಒಳಗಿರುವುದು ಇಂಗ್ಲಿಷಿನ ಸಂಕೇತ, ಮೇಲೆ ಇನುಕ್ಟಿಟುಟ್ ವೇಷ. ಫಾಂಟ್ ಯಾವುದೆಂದು ಪತ್ತೆ ಮಾಡಿ, ಪರಿವರ್ತಕದ ಮೂಲಕ ಯೂನಿಕೋಡಿಗೆ ತನ್ನಿ. ಡಬ್ಬಿಗಳದ್ದು ಬೇರೆ ವಿಷಯ: ಸಂಕೇತ ಸರಿಯಾಗಿದೆ, ಫಾಂಟಿನಲ್ಲಿ ಆಕಾರವಿಲ್ಲ. ವಿಂಡೋಸಿನ ಗಡುಗಿ ಅಥವಾ ನೋಟೋ ಸಾನ್ಸ್ ಕೆನೇಡಿಯನ್ ಅಬಾರಿಜಿನಲ್ ಹಾಕಿ ನೋಡಿ.

ಆಮೇಲೂ ಉಳಿದವು ನಾಟ್ಟಿಲಿಕ್ ಇನುಯಿಟ್ ಜನರ ಅಕ್ಷರಗಳಿರಬಹುದು. ಈ ಲಿಪಿ 1999ರಲ್ಲೇ ಯೂನಿಕೋಡ್ ಸೇರಿತು. ಆದರೂ ನಾಟ್ಟಿಲಿಕ್ ಮಾತಿಗೆ ಬೇಕಾದ ಕೆಲವು ಅಕ್ಷರಗಳು ಹೊರಗೇ ಉಳಿದವು. 2021ರ 14ನೇ ಆವೃತ್ತಿಯಲ್ಲಿ, ಕೆನಡಾದ ಇನ್ನೊಂದು ಮೂಲನಿವಾಸಿ ಭಾಷೆಯಾದ ಕ್ರೀಯ ಹಳೆಯ ಬರಹದ ಕೆಲವು ಅಕ್ಷರಗಳನ್ನೂ ಕೂಡಿಸಿ, 16 ಹೊಸ ಸ್ಥಾನಗಳು ಸಿಕ್ಕವು. ಅಲ್ಲಿಯವರೆಗೆ ಅವರ ಮಕ್ಕಳು ಫೋನಿನಲ್ಲಿ ತಮ್ಮ ಮಾತನ್ನು ಪೂರ್ತಿ ಬರೆಯುವಂತಿರಲಿಲ್ಲ. ಅದೇ ಆವೃತ್ತಿಯಲ್ಲಿ ಹಳಗನ್ನಡದಲ್ಲಿ ಸ್ವರವಿಲ್ಲದ ನಕಾರಕ್ಕೆ ಬರೆಯುತ್ತಿದ್ದ ನಮ್ಮ ನಕಾರ ಪೊಲ್ಲಿಗೂ ಜಾಗ ದೊರೆಯಿತು. ಹಳಗನ್ನಡದ ಪ್ರತಿಗಳನ್ನು ಟೈಪು ಮಾಡುವಾಗ ಅದಕ್ಕೆ ಬದಲಾಗಿ ಬರಿಯ ನ್ ಹಾಕಿ ಮುಂದೆ ಹೋಗುತ್ತಿದ್ದವನಿಗೆ ಅದು ದೊಡ್ಡ ಸಂತೋಷ. ಹೊಸ ಫಾಂಟ್ ಇಳಿಸಿಕೊಳ್ಳಿ, ಸಮೀಪದ ಆಕಾರದ ಬೇರೆ ಅಕ್ಷರ ಮಾತ್ರ ಹಾಕಬೇಡಿ.

ಇನ್ನು ನಿಮ್ಮ ಸಂದೇಹ. ಬುಡ ತೆರೆದ ಒಂದು ಕೋನವನ್ನು ನೆನೆಸಿಕೊಳ್ಳಿ. ತುದಿ ಮೇಲಿದ್ದರೆ ಪಿ, ಬಲಕ್ಕಿದ್ದರೆ ಪು, ಎಡಕ್ಕಿದ್ದರೆ ಪ. ಸ್ವರ ಇರುವುದೇ ಆ ತಿರುಗುವಿಕೆಯಲ್ಲಿ. ಗುಡಿಸಿನಂತೆ ಕಿತ್ತು ಬೇರೆ ಇಡುವ ಭಾಗ ಅದರಲ್ಲಿಲ್ಲ. ಹಾಗಾಗಿ ಒಂದೊಂದು ದಿಕ್ಕಿಗೂ ಒಂದೊಂದು ಸಂಕೇತ. ಕ್ರೀ, ಒಜಿಬ್ವೆ, ಇನುಕ್ಟಿಟುಟ್ ಭಾಷೆಗಳು ಹಂಚಿಕೊಂಡ ಆಕಾರಕ್ಕೆ ಮಾತ್ರ ಒಂದೇ ಸಂಕೇತ.

ಯಾದಗಿರಿ ಮೇಷ್ಟ್ರು:
ಫಲಕದ ಇತಿಹಾಸದ ಸಾಲಿನ ಬಗ್ಗೆಯೂ ಒಂದು ಮಾತು. ಮಿಷನರಿ ಜೇಮ್ಸ್ ಇವಾನ್ಸ್ 1840ರಲ್ಲಿ ಕೆನಡಾದ ನಾರ್ವೇ ಹೌಸ್‌ನಲ್ಲಿ ಈ ಲಿಪಿಯನ್ನು ಕ್ರೀ ಭಾಷೆಗೆ ರೂಪಿಸಿದನೆಂದು ಪುಸ್ತಕಗಳು ಬರೆಯುತ್ತವೆ. ಕ್ರೀ ಜನರ ಬಾಯಿಮಾತಿನ ಪರಂಪರೆ ಕಾಲಿಂಗ್ ಬ್ಯಾಜರ್ ಎಂಬ ಹಿರಿಯನಿಗೆ ಇದು ಒಲಿಯಿತೆನ್ನುತ್ತದೆ. ಎರಡನ್ನೂ ಬರೆಯಿರಿ. ಮಕ್ಕಳು ಇವಾನ್ಸನ ಹೆಸರು ಮಾತ್ರ ಓದಿ ಹೋಗುವುದು ಬೇಡ.

ಕಲಬುರಗಿ ಡಿಟಿಪಿ:
ಧನ್ಯವಾದಗಳು ಸರ್. ಫಾಂಟ್ ಬದಲಿಸಿದೆ, ಡಬ್ಬಿಗಳೆಲ್ಲ ಹೋದವು. ಪಿ ಮೇಲಿನ ಚುಕ್ಕಿಯನ್ನಾದರೂ ನಾನೇ ಬೇರೆ ಹಾಕಬೇಕೇ?

ಬೀದರ್ ಲಿಪಿಪ್ರಿಯ:
ಬೇಡ. ಚುಕ್ಕಿ ದೀರ್ಘದ ಗುರುತು. ಪಿ ಅಕ್ಷರದ ಸಂಕೇತ 1431, ಚುಕ್ಕಿಯುಳ್ಳ ಪೀ ಅಕ್ಷರದ್ದು 1432. ಮುದ್ರಣಕ್ಕೆ ಕಳಿಸುವ ಪಿಡಿಎಫ್‌ನಲ್ಲಿ ಫಾಂಟನ್ನು ಸೇರಿಸಿಯೇ ಕಳಿಸಿ. ಇಲ್ಲವಾದರೆ ಡಬ್ಬಿಗಳು ಪ್ರೆಸ್ಸಿನಲ್ಲಿ ಮತ್ತೆ ಬರುತ್ತವೆ.