ಸುಮಾ, ಆ ಮಾತ್ರೆ ಬಿಡಬೇಡ

ಸುಮಾ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ವಾಯ್ಸ್ ಮೆಸೇಜ್ ಈಗ ಕೇಳಿಸಿಕೊಂಡೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 214 ಬಂದಿದೆ, ಡಾಕ್ಟರ್ ಮಾತ್ರೆ ಬರೆದಿದ್ದಾರೆ. ಆದರೆ ಕೊಲೆಸ್ಟ್ರಾಲ್ ಜಾಸ್ತಿ ಇರುವ ಮುದುಕರೇ ಹೆಚ್ಚು ದಿನ ಬದುಕುತ್ತಾರೆ ಅಂತ ಯಾರೋ ಫಾರ್ವರ್ಡ್ ಮಾಡಿದ್ದಾರೆ, ಮಾತ್ರೆ ಬಿಡಲಾ ಅತ್ತೆ ಅಂತ ಕೇಳಿದ್ದೀಯ. ಬೇಡ ಪುಟ್ಟಿ. ಡಾಕ್ಟರನ್ನು ಕೇಳದೆ ಬಿಡಬೇಡ.

ಸೀನ ಚಿಕ್ಕಪ್ಪನ ನೆನಪು ನಿನಗೆ ಅಷ್ಟಿರಲಿಕ್ಕಿಲ್ಲ, ನೀನಾಗ ಎರಡನೇ ಕ್ಲಾಸು. ಅಡಿಕೆ ದೋಟಿಯ ಹಾಗೆ ತೆಳ್ಳಗಿದ್ದ. ಬೀಡಿ ಮುಟ್ಟಿದವನಲ್ಲ, ದಿನವಿಡೀ ತೋಟದಲ್ಲೇ ಓಡಾಟ. ಎರಡೂ ಹಿಮ್ಮಡಿಯ ಮೇಲೆ ಹಿಂದುಗಡೆ ಗಟ್ಟಿ ಗಂಟು ಇತ್ತು. ಚಪ್ಪಲಿ ಉಜ್ಜಿ ಆದದ್ದು ಅಂದುಕೊಂಡೆವು. ಅದು ಕೊಲೆಸ್ಟ್ರಾಲ್ ಕೂತಿದ್ದು ಅಂತ ಯಾರಿಗೆ ಗೊತ್ತಿತ್ತು? ಡಾಕ್ಟರ್ ಮಾತ್ರೆ ಕೊಟ್ಟರು. ಮೂರು ತಿಂಗಳಿಗೆ ಕಡಿಮೆ ಆಯಿತು, ಇನ್ನು ಯಾಕೆ ಅಂತ ಬಿಟ್ಟ. ಸುಮ್ನೆ ಯಾಕೆ ಮಾತ್ರೆ ನುಂಗೋದು ಅಂತ ನಾನೂ ಹೇಳಿದ್ದೆ. ಅದು ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಉರಿಯುತ್ತದೆ. ಅಡಿಕೆ ಕೊಯ್ಲಿನ ದಿನ ಎದೆ ಹಿಡಿದುಕೊಂಡ. ಗ್ಯಾಸು ಅಂತ ಜೀರಿಗೆ ಕಷಾಯ ಕುಡಿದು ಮಲಗಿದ. ಶಿವಮೊಗ್ಗ ಮುಟ್ಟಲಿಲ್ಲ. 41 ವರ್ಷ.

ಆಮೇಲೆ ನನ್ನ ರಿಪೋರ್ಟ್ ನೋಡಿ ಹೃದಯದ ಡಾಕ್ಟರ್ ಬಿಡಿಸಿ ಹೇಳಿದರು. ರಕ್ತದ ಎಲ್‌ಡಿಎಲ್ ಅನ್ನು ಲಿವರ್ ಒಳಗೆಳೆದುಕೊಳ್ಳುವುದಕ್ಕೆ ಬಾಗಿಲುಗಳಿವೆಯಂತೆ. ಅದನ್ನು ಕಂಡುಹಿಡಿದ ಬ್ರೌನ್, ಗೋಲ್ಡ್‌ಸ್ಟೈನ್ ಇಬ್ಬರಿಗೆ 1985ರಲ್ಲಿ ನೊಬೆಲ್ ಬಂತು. ನಮ್ಮ ಮನೆಯ ಕೆಲವರಿಗೆ ಹುಟ್ಟಿನಿಂದಲೇ ಆ ಬಾಗಿಲು ಅರ್ಧಕ್ಕರ್ಧ ಕೆಲಸ ಮಾಡುವುದಿಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಔಷಧಿ ಮಾಡದಿದ್ದರೆ ಇಂಥ ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ 50 ದಾಟುವ ಮೊದಲೇ ಹೃದಯದ ತೊಂದರೆ.

ಆ ಫಾರ್ವರ್ಡ್ ಎಲ್ಲಿ ತಪ್ಪುತ್ತದೆ ಗೊತ್ತಾ? ವಯಸ್ಸಾದವರಿಗೆ ದೊಡ್ಡ ಕಾಯಿಲೆ ಬಂದರೆ ಕೊಲೆಸ್ಟ್ರಾಲ್ ತಾನೇ ಇಳಿಯುತ್ತದೆ. ಸಾವು ತಂದದ್ದು ಕಾಯಿಲೆ, ಬೈಸಿಕೊಳ್ಳುವುದು ಕಡಿಮೆ ಕೊಲೆಸ್ಟ್ರಾಲ್. ಹುಟ್ಟಿನಿಂದ ಬಂದ ಜೀನ್ ಅನ್ನು ಯಾವ ಕಾಯಿಲೆಯೂ ಬದಲಾಯಿಸುವುದಿಲ್ಲ, ಅಲ್ವಾ? ಅದಕ್ಕೇ ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಕಡಿಮೆ ಇರುವವರನ್ನು ನೋಡಬೇಕು. ಅಮೆರಿಕದ ಕಪ್ಪು ಜನರಲ್ಲಿ ಕೆಲವರಿಗೆ, ಲಿವರಿನ ಆ ಬಾಗಿಲುಗಳನ್ನು ಕಡಿಮೆ ಮಾಡುವ ಪಿಸಿಎಸ್‌ಕೆ9 ಅನ್ನುವ ಜೀನೇ ಕೆಟ್ಟು ಎಲ್‌ಡಿಎಲ್ ಜೀವನಪೂರ್ತಿ ಶೇ. 28 ಕಡಿಮೆ ಇತ್ತು. ಹದಿನೈದು ವರ್ಷ ನೋಡಿದಾಗ ಅವರಲ್ಲಿ ಹೃದಯದ ಕಾಯಿಲೆ ಶೇ. 88 ಕಡಿಮೆ. 2006ರಲ್ಲಿ ಬಂದ ವರದಿ ಅದು. ಮತ್ತೆ ಹೇಳ್ತೀನಿ, ಮಾತ್ರೆ ಬಿಡಬೇಡ.

ನನಗೆ ಸಿಟ್ಟಿರುವುದು ಬೇರೆ ವಿಚಾರಕ್ಕೆ. ನಿನ್ನ ಅಜ್ಜ, ಅಂದರೆ ನನ್ನ ಅಪ್ಪ, 46ಕ್ಕೆ ನಿದ್ದೆಯಲ್ಲೇ ಹೋದರು. ಅವರ ತಮ್ಮನೂ ಹಾಗೇ. ಹಿರಿಯರಿಗೆಲ್ಲ ಗೊತ್ತಿತ್ತು. ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿ ಬರುವುದಿಲ್ಲ ಅಂತ ಮುಚ್ಚಿಟ್ಟರು. ನನ್ನ ಮದುವೆ ಮಾತುಕತೆಯಲ್ಲಿ ಅಪ್ಪ ಜ್ವರದಲ್ಲಿ ಹೋದರು ಅಂತ ನನ್ನ ಬಾಯಿಂದಲೇ ಹೇಳಿಸಿದರು. ಯಾರಾದರೂ ಒಬ್ಬರು ನಿಜ ಹೇಳಿದ್ದರೆ ಸೀನ ಹುಷಾರಾಗಿರುತ್ತಿದ್ದ. ನೆಂಟರ ಮನೆಯ ನಾಮಕರಣದ ದಿನ ಈ ಮಾತು ಎತ್ತಿದೆ ಅಂತ ಆ ಮನೆಯವರು ನನ್ನ ಹತ್ತಿರ ಎರಡು ವರ್ಷ ಮಾತು ಬಿಟ್ಟಿದ್ದರು.

ಅಯ್ಯೋ, ಮುಖ್ಯವಾದದ್ದೇ ಮರೆತೆ. ನಿನ್ನ ಇಬ್ಬರು ಮಕ್ಕಳ ರಕ್ತವನ್ನೂ ಟೆಸ್ಟ್ ಮಾಡಿಸು. ತಾಯಿಗಿದ್ದರೆ ಒಬ್ಬೊಬ್ಬ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ರವಿಗೂ ಹೇಳು, ಅವನು ತೆಳ್ಳಗಿದ್ದೇನೆ ಅಂತ ತಪ್ಪಿಸಿಕೊಳ್ಳುತ್ತಾನೆ. ಅಜ್ಜ, ಸೀನ ಎಷ್ಟು ವರ್ಷಕ್ಕೆ ಹೋದರು ಅಂತ ಚೀಟಿಯಲ್ಲಿ ಬರೆದು ಡಾಕ್ಟರ್‌ಗೆ ತೋರಿಸು. ಇನ್ನೊಂದು ಮಗು ಯೋಚನೆ ಇದ್ದರೆ ಅದನ್ನೂ ಮೊದಲೇ ಹೇಳು, ಆಗ ಮಾತ್ರೆ ಅವರೇ ನಿಲ್ಲಿಸಬಹುದು. ರಿಪೋರ್ಟ್ ಬಂದ ಮೇಲೆ ಇಲ್ಲೇ ಗ್ರೂಪಿಗೆ ಹಾಕು, ಎಲ್ಲರೂ ನೋಡಲಿ.